ಹಳೆಯ ಕ್ಯಾನಿಸ್ಟರ್ ಫಿಲ್ಟರ್ ಬದಲಿಸುವ ಕ್ರಮ ಮತ್ತು ಮಳೆಗಾಲದ ನಿರ್ವಹಣೆ

ಪ್ರಶ್ನೆ: ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ಕಾರವಾರದ ನಮ್ಮ ಮನೆಯಲ್ಲಿ ಜಗಲಿಗೆ ತಾಗಿದ ಕೋಣೆಯಲ್ಲಿ ನಾಲ್ಕು ಅಡಿ ಉದ್ದದ ಅಕ್ವೇರಿಯಂ ಇದೆ. ಅಳತೆ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ. ಮರಳು, ಕಲ್ಲು, ಮರದ ಬೇರುಗಳ ಜಾಗವನ್ನು ಕಳೆದರೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಐದು ಏಂಜೆಲ್ ಮೀನುಗಳೂ ಇಪ್ಪತ್ತರಷ್ಟು ಟೆಟ್ರಾಗಳೂ ಇವೆ. ನೀರು ನಮ್ಮ ಹಿತ್ತಲಿನ ಚಿರೇಕಲ್ಲಿನ ಬಾವಿಯದು.

ಆರು ವರ್ಷಗಳಿಂದ ಇದಕ್ಕೆ ಒಂದೇ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗೆ ಕಪಾಟಿನಲ್ಲಿಟ್ಟು ಪೈಪುಗಳಿಂದ ಜೋಡಿಸುವ ಮುಚ್ಚಿದ ಡಬ್ಬಿಯ ಫಿಲ್ಟರ್) ದುಡಿಯುತ್ತಿದೆ. ಅದರ ಪೆಟ್ಟಿಗೆಯ ಮೇಲೆ ಗಂಟೆಗೆ 1000 ಲೀಟರ್ ಎಂದು ಬರೆದಿತ್ತು. ಎರಡು ತಿಂಗಳಿಂದ ಮುಚ್ಚಳದ ಸಂದಿಯಲ್ಲಿ ಹನಿ ಹನಿಯಾಗಿ ನೀರು ಜಿನುಗುತ್ತಿದೆ, ಮೋಟಾರಿನ ತಲೆಯಿಂದ ಗರಗರ ಸದ್ದು ಬರುತ್ತಿದೆ, ಹೊರಬರುವ ನೀರಿನ ರಭಸವೂ ಕುಗ್ಗಿದೆ. ಹತ್ತು ಲೀಟರಿನ ಬಕೆಟ್ಟು ತುಂಬಲು ಈಗ 90 ಸೆಕೆಂಡು ಬೇಕಾಗುತ್ತದೆ. ಅಂದರೆ ಗಂಟೆಗೆ 400 ಲೀಟರ್ ಮಾತ್ರ. ಮಳೆಗಾಲ ಹತ್ತಿರ ಬಂದಿರುವುದರಿಂದ ಭಯಪಟ್ಟು ಹೊಸ ಫಿಲ್ಟರೊಂದನ್ನು ತರಿಸಿಟ್ಟಿದ್ದೇನೆ, ಆದರೆ ಅದನ್ನು ಜೋಡಿಸಲು ಧೈರ್ಯ ಬರುತ್ತಿಲ್ಲ.

ಧೈರ್ಯ ಬಾರದಿರಲು ಕಾರಣವಿದೆ. ಇದಕ್ಕೂ ಮೊದಲು ನಮ್ಮಲ್ಲಿದ್ದ ಚಿಕ್ಕ ಫಿಲ್ಟರನ್ನು ಬದಲಿಸುವಾಗ, ಮೀನು ಮಾರುವ ಅಂಗಡಿಯೊಂದರಲ್ಲಿ ಹೇಳಿಕೊಟ್ಟಂತೆ ಹಳೆಯ ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳನ್ನೆಲ್ಲ ಎಸೆದು, ಹೊಸದನ್ನು ತುಂಬಿ, ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ದ್ರವವನ್ನು ಸುರಿದಿದ್ದೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೂ ಹನ್ನೊಂದು ದಿನಗಳಲ್ಲಿ ಏಳು ಮೀನುಗಳು ಸತ್ತವು. ಮಗಳು ಹೆಸರಿಟ್ಟು ಸಾಕಿದ್ದ ಮೀನೂ ಅದರಲ್ಲಿ ಒಂದಾಗಿತ್ತು. ಆ ದಿನಗಳನ್ನು ಮತ್ತೊಮ್ಮೆ ನೋಡುವ ಮನಸ್ಸಿಲ್ಲ.

ಹಳೆಯ ಫಿಲ್ಟರಿನಲ್ಲಿರುವ ಉಪಕಾರಿ ಜೀವಾಣುಗಳನ್ನು ಕಳೆದುಕೊಳ್ಳದೆ ಹೊಸದಕ್ಕೆ ಹೋಗುವುದು ಹೇಗೆ? ಎಷ್ಟು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು? ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋದಾಗ ಏನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ: ಶಿರಸಿಯಿಂದ

ತಮ್ಮ ಮೀನುಗಳು ಸತ್ತದ್ದು ಹೊಸ ಫಿಲ್ಟರಿನ ದೋಷದಿಂದಲ್ಲ, ಹಳೆಯ ಸ್ಪಂಜು ಮತ್ತು ಉಂಗುರಗಳನ್ನು ಒಂದೇ ಸಲಕ್ಕೆ ಎಸೆದದ್ದರಿಂದ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ಅಮೋನಿಯಾ ನೀರಿಗೆ ಸೇರುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಇವು ನೀರಿನಲ್ಲಿ ತೇಲಿಕೊಂಡಿರುವುದು ಅತ್ಯಲ್ಪ. ಸ್ಪಂಜು, ಉಂಗುರ, ಮರಳು, ಕಲ್ಲುಗಳ ಮೈಗೆ ಲೋಳೆಯ ಪದರವಾಗಿ ಅಂಟಿಕೊಂಡು ಬದುಕುತ್ತವೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳು ಗಂಟೆಯೊಳಗೆ ಇಮ್ಮಡಿಯಾಗಬಲ್ಲವು, ಆದರೆ ಇವು ಇಮ್ಮಡಿಯಾಗಲು ಅನುಕೂಲಕರ ಸ್ಥಿತಿಯಲ್ಲಿಯೂ ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಬರಿಯ ಫಿಲ್ಟರೊಂದು ಪೂರ್ಣ ಕೆಲಸಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕಾಗುವುದು ಇದರಿಂದಲೇ. ಬಾಟಲಿಯ ದ್ರವದ ಬಗ್ಗೆ ಒಂದು ಮಾತು: ಈ ಜೀವಾಣುಗಳು ಬೀಜಕಣಗಳಾಗಿ ಒಣಗಿ ಮಲಗುವಂಥವಲ್ಲ. ಲಾರಿಯಲ್ಲಿ, ಅಂಗಡಿಯ ಕಪಾಟಿನಲ್ಲಿ ಸೆಕೆಗೆ ಬೆಂದು ಬಂದ ಬಾಟಲಿಯೊಳಗೆ ಎಷ್ಟು ಜೀವ ಉಳಿದಿರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಅದನ್ನು ನಂಬಿ ಹಳೆಯದನ್ನು ಎಸೆಯಬಾರದು.

ತಮಗೆ ಅತ್ಯುತ್ತಮ ದಾರಿಯೆಂದರೆ ಎರಡೂ ಫಿಲ್ಟರುಗಳನ್ನು ಒಂದೇ ತೊಟ್ಟಿಗೆ ಜೋಡಿಸಿ, ಆರು ವಾರ ಜೊತೆಯಾಗಿ ಓಡಿಸಿ, ಆಮೇಲೆ ಹಳೆಯದನ್ನು ತೆಗೆಯುವುದು. ಕಪಾಟಿನಲ್ಲಿ ಜಾಗವಿಲ್ಲದಿದ್ದರೆ ಹಳೆಯ ಫಿಲ್ಟರಿನ ಒಳಗಿನ ಸಾಮಗ್ರಿಯನ್ನೇ ಹೊಸದರ ಬುಟ್ಟಿಗಳಿಗೆ ವರ್ಗಾಯಿಸಬೇಕು. ನಾನು ಎರಡು ಬಾರಿ ಹೀಗೆ ಮಾಡಿದ್ದೇನೆ, ಒಂದು ಮೀನೂ ಹೋಗಲಿಲ್ಲ.

ಮೊದಲು ಹೊಸ ಫಿಲ್ಟರನ್ನು ಸೋಪು ಹಾಕದೆ ಬರಿ ನೀರಿನಲ್ಲಿ ತೊಳೆದು, ಬಚ್ಚಲಿನಲ್ಲಿ ಬಕೆಟ್ಟಿನ ನೀರಿಗೆ ಜೋಡಿಸಿ, ಕೆಳಗೆ ಒಣ ವೃತ್ತಪತ್ರಿಕೆ ಹಾಸಿ ಒಂದು ದಿನ ಓಡಿಸಿ ನೋಡಿ. ಪತ್ರಿಕೆ ಒದ್ದೆಯಾದರೆ ತೊಟ್ಟಿಗೆ ಜೋಡಿಸುವ ಮೊದಲೇ ಸೋರಿಕೆ ತಿಳಿಯುತ್ತದೆ. ವರ್ಗಾವಣೆಯ ದಿನ ತೊಟ್ಟಿಯಿಂದಲೇ ಎರಡು ಬಕೆಟ್ ನೀರು ತೆಗೆದಿಟ್ಟುಕೊಳ್ಳಿ. ಹಳೆಯ ಸ್ಪಂಜನ್ನು ಆ ನೀರಿನಲ್ಲಿ ಎರಡು ಸಲ ಮೆಲ್ಲಗೆ ಹಿಂಡಿದರೆ ಸಾಕು, ಬಿಳಿಯಾಗುವಂತೆ ಉಜ್ಜಬೇಕಿಲ್ಲ. ಸೆರಾಮಿಕ್ ಉಂಗುರಗಳನ್ನು ಅದೇ ನೀರಿನಲ್ಲಿ ಒಮ್ಮೆ ಅಲುಗಿಸಿ, ಬಲೆಯ ಚೀಲಕ್ಕೆ ಹಾಕಿ ಹೊಸ ಬುಟ್ಟಿಯಲ್ಲಿಡಿ. ಸ್ಪಂಜು ಹೊಸ ಬುಟ್ಟಿಗೆ ಹೊಂದದಿದ್ದರೆ ಕತ್ತರಿಯಿಂದ ಕತ್ತರಿಸಿ ಹೊಂದಿಸಿ. ಅದರ ಆಕಾರ ಮುಖ್ಯವಲ್ಲ, ಅದರ ಮೈಗಂಟಿದ ಪದರ ಮುಖ್ಯ. ಇದೆಲ್ಲ ಅರ್ಧ ಗಂಟೆಯೊಳಗೆ ಮುಗಿಯಬೇಕು, ಮತ್ತು ಅಷ್ಟು ಹೊತ್ತೂ ಸಾಮಗ್ರಿ ಒದ್ದೆಯಾಗಿಯೇ ಇರಬೇಕು. ನಲ್ಲಿಯ ನೀರಿನಲ್ಲಿ ತೊಳೆಯುವುದು ಬೇಡವೇ ಬೇಡ, ಏಕೆಂದರೆ ಅದರಲ್ಲಿರುವ ಕ್ಲೋರಿನ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆ. ಬಾವಿ ನೀರಿನವರೂ ಎಚ್ಚರದಿಂದಿರಬೇಕು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರ ಆ ನೀರನ್ನು ನೇರವಾಗಿ ಬಳಸದೆ, ತೆರೆದ ಡ್ರಮ್ಮಿನಲ್ಲಿ ಗಾಳಿ ಪಂಪು ಹಾಕಿ ಎರಡು ದಿನ ಇಟ್ಟು ಬಳಸಿ. ಅಷ್ಟು ಸಮಯವಿಲ್ಲದಿದ್ದರೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಸೇರಿಸಿ.

ಬದಲಾಯಿಸಿದ ವಾರದಲ್ಲಿ ಮರಳನ್ನು ಕೆದಕಬೇಡಿ, ಗಾಜು, ಕಲ್ಲು ಯಾವುದನ್ನೂ ತೊಳೆಯಬೇಡಿ, ಆಹಾರವನ್ನು ಅರ್ಧಕ್ಕೆ ಇಳಿಸಿ. ಎರಡು ವಾರ ದಿನ ಬಿಟ್ಟು ದಿನ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿ. ನೈಟ್ರೈಟ್ ಕಂಡರೆ ಕಾಲುಭಾಗ ನೀರು ಬದಲಿಸಿ, ಲೀಟರಿಗೆ ಒಂದು ಗ್ರಾಂನಂತೆ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ. ಉಪ್ಪಿನ ಕ್ಲೋರೈಡ್ ಅಂಶವು ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ನಾನು ಸಾಣಿಕಟ್ಟಾದ ಹರಳುಪ್ಪನ್ನೇ ಬಳಸುತ್ತೇನೆ.

ಉತ್ತರ: ಕುಮಟಾದಿಂದ

ಶಿರಸಿಯವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ತಮ್ಮ ಹಳೆಯ ಫಿಲ್ಟರ್ ನಿಜಕ್ಕೂ ಕೆಟ್ಟಿದೆಯೇ? ತಾವು ಬರೆದ ಮೂರೂ ತೊಂದರೆಗಳು ಚಿಕ್ಕ ಭಾಗಗಳಿಗೆ ಸಂಬಂಧಿಸಿದವು.

ಮುಚ್ಚಳದ ಒಳಗಿನ ರಬ್ಬರಿನ ಓ-ರಿಂಗನ್ನು ತೆಗೆದು ಬೆರಳಿನಿಂದ ಸುತ್ತಲೂ ಸವರಿ ನೋಡಿ. ಒಂದೇ ಮರಳಿನ ಕಣ ಅಥವಾ ಕೂದಲೆಳೆ ಸಿಕ್ಕಿಕೊಂಡಿದ್ದರೂ ನೀರು ಜಿನುಗುತ್ತದೆ. ಉಂಗುರದ ದುಂಡು ಮೈ ಚಪ್ಪಟೆಯಾಗಿದ್ದರೆ ಅದರ ಆಯುಷ್ಯ ಮುಗಿದಿದೆ, ಹೊಸದು ಬೇಕು. ಸರಿಯಾಗಿದ್ದರೆ ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ರೂಢಿ ಇದೆ, ಇಲ್ಲಿ ಅದು ಸಲ್ಲದು. ತೆಂಗಿನೆಣ್ಣೆ ನೀರಿನ ಮೇಲೆ ಪೊರೆ ಕಟ್ಟಿ ಗಾಳಿಯಾಟವನ್ನು ತಡೆಯುತ್ತದೆ, ಕೆಲವು ದಿನಗಳಲ್ಲಿ ಕಮಟುತ್ತದೆ, ಘಟ್ಟದ ಮೇಲಿನ ಚಳಿಗಾಲದ ಬೆಳಗಿನಲ್ಲಿ ಗಟ್ಟಿಯೂ ಆಗುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಬೇಡ. ಹಲವು ಬಗೆಯ ರಬ್ಬರು ಅದರಿಂದ ಉಬ್ಬಿ ಹಾಳಾಗುತ್ತದೆ.

ಗರಗರ ಸದ್ದಿಗೆ ಇಂಪೆಲ್ಲರ್ ಕಾರಣವಿರಬಹುದು. ಪ್ಲಗ್ ಕಿತ್ತ ಮೇಲೆ ಮೋಟಾರಿನ ತಲೆಯ ತಳದ ಮುಚ್ಚಳ ತೆಗೆದರೆ ಅಯಸ್ಕಾಂತದ ಸಿಲಿಂಡರಿಗೆ ರೆಕ್ಕೆಗಳು ಅಂಟಿದ ಭಾಗ ಹೊರಬರುತ್ತದೆ. ಅದು ತಿರುಗುವ ಗುಳಿಯಲ್ಲಿ ಕಂದು ಲೋಳೆ ಕಟ್ಟಿರುತ್ತದೆ, ಚಿಕ್ಕ ಬಸವನಹುಳುಗಳ ಚಿಪ್ಪೂ ಸಿಕ್ಕಿರುವುದುಂಟು. ಬಾಟಲಿ ತೊಳೆಯುವ ಸಣ್ಣ ಬ್ರಷ್ಷಿನಿಂದ ಗುಳಿಯನ್ನು ಉಜ್ಜಿ. ಸೆರಾಮಿಕ್ ಕಡ್ಡಿ ಬಲು ಬೇಗ ಮುರಿಯುವಂಥದ್ದು, ಅದನ್ನು ನೇರವಾಗಿ ಎಳೆಯಬೇಕು, ಬಾಗಿಸಬಾರದು. ಜೋಡಿಸಿದ ಮೇಲೆಯೂ ಸದ್ದು ಬಂದರೆ ತಲೆಯಲ್ಲಿ ಗಾಳಿ ಸಿಕ್ಕಿರಬಹುದು. ಓಡುತ್ತಿರುವಾಗಲೇ ಫಿಲ್ಟರನ್ನು ಅತ್ತಿತ್ತ ವಾಲಿಸಿದರೆ ಗುಳ್ಳೆಗಳು ಹೊರಹೋಗುತ್ತವೆ.

ರಭಸ ಕುಗ್ಗಿದ್ದಕ್ಕೆ ಬಹುಪಾಲು ಕಾರಣ ಪೈಪು. ಆರು ವರ್ಷದ ಪೈಪಿನ ಒಳಗೋಡೆಗೆ ಕಟ್ಟಿದ ಕೊಳೆಯನ್ನು ಉದ್ದನೆಯ ಬ್ರಷ್ಷಿನಿಂದ ತೆಗೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನು ಕರೆಂಟಿನ ವಿಷಯ. ಇದನ್ನು ನಾನು ಮೀನು ಕಳೆದುಕೊಂಡು ಕಲಿತಿದ್ದೇನೆ. ಒಂದು ಆಷಾಢದ ಮಳೆಯಲ್ಲಿ ಮಧ್ಯಾಹ್ನ ಹೋದ ಕರೆಂಟು ರಾತ್ರಿ ಮೂರಕ್ಕೆ ಬಂತು. ನಾವು ಮಲಗಿದ್ದೆವು, ಫಿಲ್ಟರ್ ತಾನಾಗಿಯೇ ಹೊರಟಿತು. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ನೀರು ಹರಿಯದೆ ನಿಂತರೆ ಒಳಗಿನ ಆಮ್ಲಜನಕವನ್ನು ಜೀವಾಣುಗಳೇ ಕೆಲವು ಗಂಟೆಗಳಲ್ಲಿ ಬಳಸಿ ಮುಗಿಸುತ್ತವೆ, ಆಮೇಲೆ ಅವು ಸಾಯತೊಡಗುತ್ತವೆ, ಕೊಳೆ ಕೊಳೆಯುತ್ತದೆ. ಹದಿಮೂರು ಗಂಟೆ ಹೀಗೆ ಕೊಳೆತ ನೀರನ್ನು ಪಂಪು ಒಂದೇ ನಿಮಿಷದಲ್ಲಿ ತೊಟ್ಟಿಗೆ ನೂಕಿತ್ತು. ಬೆಳಗ್ಗೆ ಎದ್ದಾಗ ಕೊಳೆತ ಮೊಟ್ಟೆಯ ವಾಸನೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನಾಲ್ಕು ಉಳಿದವು.

ಅಂದಿನಿಂದ ನಮ್ಮ ಮನೆಯ ನಿಯಮವಿದು: ಕರೆಂಟು ಹೋಗಿ ಒಂದು ಗಂಟೆಯಾದರೆ ಫಿಲ್ಟರಿನ ಪ್ಲಗ್ ಕೀಳುವುದು. ಎರಡು ಮೂರು ಗಂಟೆ ದಾಟಿದರೆ ಡಬ್ಬಿ ತೆರೆದು, ಒಳಗಿನ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಬುಟ್ಟಿಗಳನ್ನು ತೊಟ್ಟಿಯ ನೀರು ತುಂಬಿದ ಅಗಲವಾದ ಟಬ್ಬಿನಲ್ಲಿಟ್ಟು ಬ್ಯಾಟರಿಯ ಗಾಳಿ ಪಂಪು ಬಿಡುವುದು. ಕರೆಂಟು ಬಂದ ಮೇಲೆ ಮರುಜೋಡಿಸಿ, ಮೊದಲ ಒಂದೆರಡು ನಿಮಿಷದ ನೀರನ್ನು ಬಕೆಟ್ಟಿಗೆ ಹಿಡಿದು ಚೆಲ್ಲಿ, ಆಮೇಲೆ ತೊಟ್ಟಿಗೆ ತಿರುಗಿಸುವುದು. ಮನೆಯಲ್ಲಿ ಇಲ್ಲದಿರುವ ಹೊತ್ತಿಗಾಗಿ, ಒಮ್ಮೆ ಕರೆಂಟು ಹೋದರೆ ಕೈಯಿಂದ ಒತ್ತುವ ತನಕ ಮತ್ತೆ ಹೊತ್ತದಂತಹ ಕಾಂಟ್ಯಾಕ್ಟರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಂಡಿದ್ದೇನೆ. ಅದರ ಜೊತೆಗೆ ಬ್ಯಾಟರಿ ಗಾಳಿ ಪಂಪು ಇರಲೇಬೇಕು. ಇನ್ವರ್ಟರ್ ಇದ್ದವರಿಗೆ ಇಷ್ಟು ಕಷ್ಟವಿಲ್ಲ. 20 ವ್ಯಾಟಿನ ಫಿಲ್ಟರ್ ಹತ್ತು ಗಂಟೆ ಓಡಿದರೂ ತೆಗೆದುಕೊಳ್ಳುವುದು 200 ವ್ಯಾಟ್-ಅವರ್ ಅಷ್ಟೇ. ಆದರೆ ಇನ್ವರ್ಟರ್ ಸೈನ್ ವೇವ್ ಮಾದರಿಯದಾಗಿರಲಿ. ಸ್ಕ್ವೇರ್ ವೇವ್ ಆದರೆ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಕಾರವಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕುಮಟಾದವರ ಮಾತಿನಂತೆ ನಿನ್ನೆ ಹಳೆಯ ಫಿಲ್ಟರನ್ನು ಬಿಚ್ಚಿದೆ. ಓ-ರಿಂಗ್ ಚಪ್ಪಟೆಯಾಗಿದೆ, ಹೊಸದಕ್ಕೆ ಹುಬ್ಬಳ್ಳಿಗೆ ಹೇಳಿದ್ದೇನೆ. ಇಂಪೆಲ್ಲರಿನ ಗುಳಿಯಲ್ಲಿ ಎರಡು ಬಸವನಹುಳುವಿನ ಚಿಪ್ಪುಗಳಿದ್ದವು. ಪೈಪಿನಿಂದ ಹೊರಬಂದ ಕೊಳೆಯನ್ನು ನೋಡಿ ಮನೆಯವರೆಲ್ಲ ಬೆರಗಾದರು. ಈಗ ಹತ್ತು ಲೀಟರ್ ತುಂಬಲು 58 ಸೆಕೆಂಡು ಸಾಕಾಗುತ್ತಿದೆ, ಅಂದರೆ ಗಂಟೆಗೆ ಸುಮಾರು 620 ಲೀಟರ್.

ಕಪಾಟಿನಲ್ಲಿ ಜಾಗ ಮಾಡಿಕೊಂಡು ಹೊಸ ಫಿಲ್ಟರನ್ನೂ ಜೋಡಿಸಿದ್ದೇನೆ. ಎರಡನ್ನೂ ಖಾಯಂ ಆಗಿ ಓಡಿಸುವ ಯೋಚನೆ ಬಂದಿದೆ. ಜೋಡಿಸುವ ಮೊದಲು ನೀರಿನ ಪರೀಕ್ಷೆ ಮಾಡಿದಾಗ ಒಂದು ಸಂಗತಿ ಅರ್ಥವಾಗಲಿಲ್ಲ. ಬಾವಿಯ ನೀರಿನ ಪಿಎಚ್ 6.4 ಇದ್ದರೆ ತೊಟ್ಟಿಯ ನೀರಿನದು 6.0ಕ್ಕೆ ಇಳಿದಿದೆ. ಕೆಎಚ್ (ನೀರಿನ ಕ್ಷಾರತೆ) ಪರೀಕ್ಷೆಯಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು, ಅಂದರೆ ಅದು ಇಲ್ಲವೆನ್ನುವಷ್ಟು ಕಡಿಮೆ. ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ತೋರಿಸುತ್ತಿದೆ. ಆರು ವರ್ಷದ ಹಳೆಯ ತೊಟ್ಟಿಯಲ್ಲಿ ಅಮೋನಿಯಾ ಏಕೆ ಇರಬೇಕು? ಮೀನುಗಳು ಮಾತ್ರ ಆರಾಮವಾಗಿಯೇ ಇವೆ.

ಉತ್ತರ: ಕೋಡಿಬಾಗದಿಂದ

ತಮ್ಮ ಫಿಲ್ಟರಿನ ಕಾಯಿಲೆಯ ಮೂಲ ಈ ಅಂಕಿಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾನು ಇಲ್ಲಿಯ ಕಡಲಜೀವಶಾಸ್ತ್ರ ವಿಭಾಗದಲ್ಲಿ ಓದಿದವನು, ಮನೆಯಲ್ಲಿಯೂ ಮೀನು ಸಾಕಿದ್ದೇನೆ.

ಅಮೋನಿಯಾವನ್ನು ನೈಟ್ರೇಟ್ ಮಾಡುವ ಕ್ರಿಯೆ ಎರಡು ವಸ್ತುಗಳನ್ನು ಬೇಡುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.5 ಮಿಲಿಗ್ರಾಂ ಆಮ್ಲಜನಕವೂ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರತೆಯೂ ಖರ್ಚಾಗುತ್ತವೆ. ಕ್ಷಾರತೆ ಎಂದರೆ ಆಮ್ಲವನ್ನು ನುಂಗಿಕೊಳ್ಳುವ ನೀರಿನ ಶಕ್ತಿ. ಕೆಎಚ್ ಪರೀಕ್ಷೆ ಅಳೆಯುವುದು ಅದನ್ನೇ. ಒಂದು ಕೆಎಚ್ ಡಿಗ್ರಿ ಲೀಟರಿಗೆ 17.9 ಮಿಲಿಗ್ರಾಂಗೆ ಸಮ. ನಮ್ಮ ಕರಾವಳಿಯ ಚಿರೇಕಲ್ಲಿನ ನೆಲದಲ್ಲಿ ಸುಣ್ಣದ ಅಂಶವು ಸಾವಿರಾರು ವರ್ಷಗಳ ಮಳೆಗೆ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದುಕೊಂಡಿವೆ. ಹೀಗಾಗಿ ಇಂಥ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ತುಸು ಆಮ್ಲೀಯ. ತಮ್ಮ ಬಾವಿ ನೀರಿನಲ್ಲಿ ಕ್ಷಾರತೆ ಒಂದು ಡಿಗ್ರಿಯಷ್ಟೇ ಇದೆಯೆಂದು ಇಟ್ಟುಕೊಂಡರೆ, ನೈಟ್ರೇಟ್ ಲೀಟರಿಗೆ 11 ಮಿಲಿಗ್ರಾಂ ಏರುವಷ್ಟರಲ್ಲಿ ಅದೆಲ್ಲ ಖಾಲಿಯಾಗುತ್ತದೆ. ಐದು ಏಂಜೆಲ್ ಮೀನುಗಳಿರುವ ತೊಟ್ಟಿಯಲ್ಲಿ ಅಷ್ಟು ನೈಟ್ರೇಟ್ ಸೇರಲು ಬಹಳ ದಿನ ಬೇಕಿಲ್ಲ. ಕ್ಷಾರತೆ ಮುಗಿದ ಮೇಲೆ ಪಿಎಚ್ ಕುಸಿಯುತ್ತದೆ, 6ರ ಹತ್ತಿರ ಜೀವಾಣುಗಳ ಕೆಲಸ ಬಹಳ ನಿಧಾನವಾಗುತ್ತದೆ, ಅಮೋನಿಯಾ ಉಳಿದುಕೊಳ್ಳುತ್ತದೆ. ಇಲ್ಲಿ ಎಷ್ಟು ದುಬಾರಿಯ ಫಿಲ್ಟರ್ ತಂದರೂ ಪ್ರಯೋಜನವಿಲ್ಲ.

ಮೀನುಗಳು ಆರಾಮವಾಗಿರುವುದಕ್ಕೂ ಅದೇ ಆಮ್ಲೀಯತೆ ಕಾರಣ, ಮತ್ತು ಅಪಾಯ ಇರುವುದೂ ಅಲ್ಲಿಯೇ. ಪಿಎಚ್ 6ರಲ್ಲಿ ಅಮೋನಿಯಾದ ಸಾವಿರದಲ್ಲಿ ಒಂದು ಭಾಗವೂ ವಿಷರೂಪದಲ್ಲಿರುವುದಿಲ್ಲ, ಉಳಿದದ್ದು ಅಮೋನಿಯಂ ಆಗಿರುತ್ತದೆ. ಪಿಎಚ್ ಒಮ್ಮೆಲೇ 8ಕ್ಕೆ ಏರಿದರೆ ನೂರರಲ್ಲಿ ಐದಾರು ಭಾಗ ವಿಷವಾಗುತ್ತದೆ. ಆದ್ದರಿಂದ ಪಿಎಚ್ ಕಡಿಮೆಯೆಂದು ಗಾಬರಿಯಾಗಿ ಇವತ್ತೇ ಸುಣ್ಣವನ್ನೋ ಹಿಡಿಗಟ್ಟಲೆ ಅಡುಗೆ ಸೋಡಾವನ್ನೋ ಸುರಿಯಬೇಡಿ. ಮೊದಲ ಒಂದು ವಾರ ಅದೇ ಬಾವಿಯ ನೀರಿನಿಂದ ಪ್ರತಿದಿನ ಹತ್ತನೆಯ ಒಂದು ಭಾಗ ಬದಲಿಸಿ ಅಮೋನಿಯಾವನ್ನು ಇಳಿಸಿ. ಅದು ಸೊನ್ನೆಯ ಹತ್ತಿರ ಬಂದ ಮೇಲೆ ಕ್ಷಾರತೆಯನ್ನು ಮೆಲ್ಲಗೆ ಏರಿಸಿ. 200 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಕರಗಿಸಿದರೆ ಒಂದು ಡಿಗ್ರಿ ಏರುತ್ತದೆ. ಎರಡು ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ.

ಖಾಯಂ ಉಪಾಯವಾಗಿ ನಾನು ನಂಬಿರುವುದು ಬಳಚಿನ (ಅಳಿವೆಯಲ್ಲಿ ಸಿಗುವ, ತಿನ್ನುವ ಕಪ್ಪೆಚಿಪ್ಪಿನ) ಚಿಪ್ಪನ್ನು. ಅಘನಾಶಿನಿಯ ಅಳಿವೆಯ ಬಳಚನ್ನು ನಮ್ಮ ಮನೆಗಳಲ್ಲಿ ಸಾರು ಮಾಡಿ ಚಿಪ್ಪನ್ನು ಹಿತ್ತಲಿಗೆ ಎಸೆಯುತ್ತೇವೆ. ಆ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮಾಂಸದ ಎಳೆ ಉಳಿಯದಂತೆ ಕುದಿಸಿ ತೊಳೆದು, ಬಿಸಿಲಿಗೆ ಒಣಗಿಸಿ, ಒರಟಾಗಿ ಕುಟ್ಟಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಕ್ಯಾನಿಸ್ಟರಿನ ಕೊನೆಯ ಬುಟ್ಟಿಯಲ್ಲಿಡಿ. ನೀರು ಆಮ್ಲೀಯವಾದಷ್ಟೂ ಅದು ಬೇಗ ಕರಗುತ್ತದೆ, ಪಿಎಚ್ 7 ದಾಟಿ ಮೇಲೇರಿದಂತೆ ಕರಗುವುದು ನಿಧಾನವಾಗುತ್ತದೆ, ಹಾಗಾಗಿ ಅಳತೆ ಮೀರುವ ಭಯ ಕಡಿಮೆ. ವಾರಕ್ಕೊಮ್ಮೆ ಕೆಎಚ್ ನೋಡಿ 3ರಿಂದ 4 ಡಿಗ್ರಿಯಲ್ಲಿ ನಿಲ್ಲಿಸಿದರೆ ತಮ್ಮ ಏಂಜೆಲ್ ಮತ್ತು ಟೆಟ್ರಾಗಳಿಗೂ ತೊಂದರೆಯಿಲ್ಲ. ಚಿರೇಕಲ್ಲಿನ ಚೂರುಗಳನ್ನೇ ಫಿಲ್ಟರಿಗೆ ತುಂಬಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಅದು ಕ್ಷಾರತೆ ಕೊಡುವುದಿಲ್ಲ, ಮೇಲಾಗಿ ಕೆಂಪು ಹುಡಿ ಬಿಟ್ಟು ಇಂಪೆಲ್ಲರನ್ನು ಸವೆಸುತ್ತದೆ.

ಆಮ್ಲಜನಕದ ಮಾತೂ ಹೇಳಿಬಿಡುತ್ತೇನೆ. 20 ಡಿಗ್ರಿ ಸೆಲ್ಸಿಯಸ್ಸಿನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ನಮ್ಮ ಬೇಸಿಗೆಯ 30 ಡಿಗ್ರಿಯ ನೀರು ಸುಮಾರು 7.5 ಮಾತ್ರ ಹಿಡಿಯುತ್ತದೆ. ಫಿಲ್ಟರಿನ ಹೊರಕೊಳವೆ ನೀರಿನ ಮೇಲ್ಮೈಯನ್ನು ಕಲಕುವಂತೆ ಇಡುವುದು ಇಲ್ಲಿ ಅಲಂಕಾರದ ವಿಷಯವಲ್ಲ.

ಉತ್ತರ: ಹೊನ್ನಾವರದಿಂದ

ತೊಳೆಯುವ ಅವಧಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಪಂಚಾಂಗ ನೋಡಿ ತೊಳೆಯುವುದಕ್ಕಿಂತ ತಾವೇ ಮಾಡಿದ ಬಕೆಟ್ಟಿನ ಲೆಕ್ಕ ಒಳ್ಳೆಯದು. 58 ಸೆಕೆಂಡು ಇದ್ದದ್ದು 85ಕ್ಕೆ ಬಂದಾಗ, ಅಂದರೆ ರಭಸ ಮೂರರಲ್ಲಿ ಎರಡು ಭಾಗಕ್ಕೆ ಇಳಿದಾಗ ತೆರೆಯಿರಿ. ಒಳಹೋಗುವ ಕೊಳವೆಯ ಬಾಯಿಗೆ ಒರಟು ಸ್ಪಂಜಿನ ಟೋಪಿಯೊಂದನ್ನು ತೊಡಿಸಿದರೆ ಕೊಳೆಯ ದೊಡ್ಡ ಪಾಲು ಅಲ್ಲಿಯೇ ನಿಲ್ಲುತ್ತದೆ, ಮರಿಗಳೂ ಒಳಗೆ ಹೋಗುವುದಿಲ್ಲ. ಅದನ್ನು ವಾರಕ್ಕೊಮ್ಮೆ ಹಿಂಡಿದರೆ ಒಳಗಿನ ಡಬ್ಬಿಯನ್ನು ಮೂರು ನಾಲ್ಕು ತಿಂಗಳು ಮುಟ್ಟಬೇಕಿಲ್ಲ. ನಯವಾದ ಬಿಳಿ ಹತ್ತಿಯಂಥ ಪದರವನ್ನು ಕೆಲವರು ಉಂಗುರಗಳ ಮೊದಲೇ ಇಡುತ್ತಾರೆ. ನನ್ನ ಅನುಭವದಲ್ಲಿ ಅದು ಎರಡೇ ವಾರದಲ್ಲಿ ಕಟ್ಟಿಕೊಂಡು ಹರಿವನ್ನು ನಿಲ್ಲಿಸುತ್ತದೆ, ಆದ್ದರಿಂದ ಒರಟು ಸ್ಪಂಜು, ಉಂಗುರ, ಕೊನೆಗೆ ನಯವಾದ ಪದರ ಎಂಬ ಕ್ರಮವೇ ಮೇಲು. ಇದ್ದಿಲನ್ನು ಔಷಧ ಹಾಕಿದ ಮೇಲೆ ಅದನ್ನು ತೆಗೆಯಲು ಮಾತ್ರ ಬಳಸಿ. ಕೆಲವು ವಾರಗಳಲ್ಲಿ ಅದರ ಹೀರುವ ಶಕ್ತಿ ಮುಗಿಯುತ್ತದೆ.

ಇನ್ನೆರಡು ಎಚ್ಚರಿಕೆಗಳು. ಒಳಕೊಳವೆಯ ಬಾಯಿಯನ್ನು ತೊಟ್ಟಿಯ ತಳಕ್ಕೆ ಇಳಿಸದೆ ನಡುಮಟ್ಟದಲ್ಲಿಡಿ. ರಾತ್ರಿ ಪೈಪು ಕಳಚಿದರೂ ಅರ್ಧ ತೊಟ್ಟಿ ನೀರು ಮೀನಿಗೆ ಉಳಿಯುತ್ತದೆ. ವಿದ್ಯುತ್ ತಂತಿಯು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತಿರಲಿ, ಆಗ ತಂತಿಯ ಮೇಲೆ ಇಳಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. ಕಡಲ ಗಾಳಿಗೆ ಪ್ಲಗ್ಗಿನ ಪಿನ್ನುಗಳು ಕಿಲುಬು ಹಿಡಿಯುತ್ತವೆ, ಮಳೆಗಾಲದ ಮೊದಲು ನೋಡಿಕೊಳ್ಳಿ. 30 ಮಿಲಿಆಂಪಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನಾಗಿಯೇ ಕರೆಂಟು ಕಡಿಯುವ ಸ್ವಿಚ್ಚು) ಇಲ್ಲದ ಮನೆಯಲ್ಲಿ ನೀರಿನ ಹತ್ತಿರ ವಿದ್ಯುತ್ ಉಪಕರಣ ಇಡುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಐದು ವಾರಗಳ ನಂತರ

ಎಲ್ಲರ ಸಲಹೆಯಂತೆ ನಡೆದುಕೊಂಡೆ. ಮೊದಲ ಎಂಟು ದಿನ ದಿನವೂ 20 ಲೀಟರ್ ನೀರು ಬದಲಿಸಿದೆ, ಅಮೋನಿಯಾ 0.5ರಿಂದ ಪರೀಕ್ಷೆಗೆ ಸಿಗದಷ್ಟು ಇಳಿಯಿತು. ಆಮೇಲೆ ಸೋಡಾದಿಂದ ಎರಡು ಡಿಗ್ರಿ ಏರಿಸಿ, ಕುಮಟಾದ ನೆಂಟರ ಮನೆಯಿಂದ ತಂದ ಬಳಚಿನ ಚಿಪ್ಪನ್ನು ಹೊಸ ಫಿಲ್ಟರಿನಲ್ಲಿಟ್ಟೆ. ಈಗ ಕೆಎಚ್ 3, ಪಿಎಚ್ 6.9. ನೈಟ್ರೈಟ್ ಒಂದು ದಿನವೂ ಕಾಣಲಿಲ್ಲ. ಹಳೆಯ ಫಿಲ್ಟರಿಗೆ ಹೊಸ ಓ-ರಿಂಗ್ ಬಂದು ಜಿನುಗುವುದು ನಿಂತಿದೆ. ಒಂದು ಓ-ರಿಂಗ್ ಮತ್ತು ಒಂದು ಇಂಪೆಲ್ಲರನ್ನು ಹೆಚ್ಚಿಗೆ ತರಿಸಿಟ್ಟುಕೊಂಡಿದ್ದೇನೆ, ಏಕೆಂದರೆ ಘಟ್ಟದಲ್ಲಿ ಮಣ್ಣು ಕುಸಿದ ದಿನಗಳಲ್ಲಿ ಕೊರಿಯರ್ ಯಾವಾಗ ಬರುತ್ತದೆಂದು ಹೇಳಲಾಗದು.

ಎರಡೂ ಫಿಲ್ಟರುಗಳು ಓಡುತ್ತಿವೆ. ಒಂದನ್ನು ತೆರೆದು ತೊಳೆದ ಮೇಲೆ ಕನಿಷ್ಠ ಆರು ವಾರ ಇನ್ನೊಂದನ್ನು ಮುಟ್ಟುವುದಿಲ್ಲ ಎಂದು ಕಪಾಟಿನ ಬಾಗಿಲಿನ ಒಳಗೆ ಚೀಟಿ ಅಂಟಿಸಿದ್ದೇನೆ. ಕಳೆದ ಮಂಗಳವಾರ ಒಂಬತ್ತು ಗಂಟೆ ಕರೆಂಟು ಇರಲಿಲ್ಲ. ಮಗಳೇ ಪ್ಲಗ್ ಕಿತ್ತು, ಬುಟ್ಟಿಗಳನ್ನು ಟಬ್ಬಿನಲ್ಲಿಟ್ಟು, ಗಾಳಿ ಪಂಪು ಹಚ್ಚಿದ್ದಳು. ಐದು ಏಂಜೆಲ್ ಮೀನುಗಳೂ ಇವೆ.

ಭಟ್ಕಳದಿಂದ ಒಂದು ಪ್ರಶ್ನೆ

ಬಳಚು ಸಿಗದಿದ್ದರೆ ಕಡಲ ದಂಡೆಯಲ್ಲಿ ಬಿದ್ದಿರುವ ಚಿಪ್ಪುಗಳನ್ನು ಬಳಸಬಹುದೇ?

ಉತ್ತರ: ಕೋಡಿಬಾಗದಿಂದ

ಒಡೆದ ಖಾಲಿ ಕಪ್ಪೆಚಿಪ್ಪಿನ ಚೂರುಗಳಾದರೆ ಬಳಸಬಹುದು. ಒಳಗೆ ಸತ್ತ ಜೀವಿ ಉಳಿದಿರಬಹುದಾದ ಸುರುಳಿ ಶಂಖಗಳು ಬೇಡ, ಅವು ಫಿಲ್ಟರಿನೊಳಗೆ ಕೊಳೆಯುತ್ತವೆ. ಸಿಹಿನೀರಿನಲ್ಲಿ ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲಿ ಉಪ್ಪನ್ನು ತೆಗೆದು, ಹತ್ತು ನಿಮಿಷ ಕುದಿಸಿ, ಒಣಗಿಸಿದ ಮೇಲೆ ಚೀಲಕ್ಕೆ ತುಂಬಿ.